ಒಂದು ಚಿಟಿಕೆ ನೀಲಿ

ಕತ್ತರಿ ಅಕ್ಕನ ಹೊಲಿಗೆ ಶೆಡ್ಡಿಗೆ ಎರಡು ಬಾಗಿಲು. ಬೀದಿ ಕಡೆಯ ಬಾಗಿಲಿನಿಂದ ಗಿರಾಕಿಗಳು ಬರುತ್ತಾರೆ. ಅವರಿಗೆ ಒಂದು ಮರದ ಬೆಂಚು. ಹಿಂದಿನ ಓಣಿಯ ಬಾಗಿಲಿನಿಂದ ಬಟ್ಟೆ, ದಾರ, ಗುಂಡಿ ತಂದುಕೊಡುವವರು ಬರುತ್ತಾರೆ. ಅವರಿಗೆ ಬೆನ್ನಿಗೆ ಆಸರೆಯಿರುವ ಎರಡು ಕುರ್ಚಿ, ಮೇಲೊಂದು ಫ್ಯಾನು, ಪಕ್ಕದಲ್ಲಿ ಮುಚ್ಚಳವಿಟ್ಟ ನೀರಿನ ಹೂಜಿ. ಲೋಕದ ರೂಢಿಗೆ ಇದು ತಲೆಕೆಳಗು. ಹೊಸಬರು ಯಾರಾದರೂ ಕೇಳಿದರೆ ಅಕ್ಕ ಬಟ್ಟೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: "ಗಿರಾಕಿಗೆ ನಾನು ಬೇಕು, ಹಲಗೆ ಮೇಲಾದ್ರೂ ಕೂರ್ತಾರೆ. ದಾರದವರು ನನಗೆ ಬೇಕು. ಅವರ ಬೆನ್ನು ನೋಯಬಾರದು."

ಊರಿನ ದೊಡ್ಡ ಶಾಲೆಯ ಮಕ್ಕಳು ತೊಡುವ ನೀಲಿ ಸ್ಕರ್ಟು, ನೀಲಿ ಪ್ಯಾಂಟುಗಳು ಹದಿನೈದು ವರ್ಷಗಳಿಂದ ಈ ಶೆಡ್ಡಿನಲ್ಲೇ ಹೊಲಿಯಲ್ಪಡುತ್ತಿವೆ. ಸಾಲಾಗಿ ಹೊಲಿಗೆ ಯಂತ್ರಗಳು, ಅವುಗಳ ಮುಂದೆ ಹನ್ನೆರಡು ಮಂದಿ ಹೆಂಗಸರು, ನಡುವೆ ಉದ್ದನೆಯ ಮೇಜು. ಮೇಜು ಅಕ್ಕನದು. ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಅಂಗೈಯಿಂದ ಒಮ್ಮೆ ನೀವಿ, ಸೀಮೆಸುಣ್ಣದ ಗೆರೆಯ ಮೇಲೆ ಅವರು ಕತ್ತರಿ ನಡೆಸುತ್ತಾರೆ. ಆ ಹೊತ್ತಿನಲ್ಲಿ ಮಾತಾಡಿಸಿದವರಿಗೆ ಉತ್ತರ ಸಿಗುವುದುಂಟು, ನೋಟ ಸಿಗುವುದಿಲ್ಲ. "ಅಕ್ಕ ಮದುವೆ ಮನೆಗೆ ಹೋದ್ರೂ ಮೊದಲು ನೋಡೋದು ಹೆಣ್ಣನ್ನಲ್ಲ, ಅವಳ ರವಿಕೆ ತೋಳನ್ನ," ಎಂದು ಹೊಲಿಯುವ ಹೆಂಗಸರು ನಗುತ್ತಾರೆ. ಅಕ್ಕ ಇದನ್ನು ಅಲ್ಲಗಳೆದಿಲ್ಲ.

ಅವರು ಈ ಕಸುಬಿಗೆ ಬಂದದ್ದು ಕಾಜಾ ಹಾಕುವ ಕೆಲಸದಿಂದ. ಗಂಡನದು ಪುಟ್ಟ ದರ್ಜಿ ಅಂಗಡಿ. ಅಳತೆಯಲ್ಲಿ ಆತ ನಿಪುಣ, ಮಾತಿನಲ್ಲಿ ಮಹಾ ಜಿಪುಣ. ಹಾಗಾಗಿ ಹೊರಗಿನ ಮಾತೆಲ್ಲ ಹೆಂಡತಿಯ ಪಾಲಿಗೆ ಬಂತು. ದಾರದ ಅಂಗಡಿಗೆ ಹೋಗುವುದು, ಬಟ್ಟೆ ತಡವಾದರೆ ವಿಚಾರಿಸುವುದು, ಬಂದ ಮಾಲು ಕೆಟ್ಟಿದ್ದರೆ ಹಿಂದಿರುಗಿಸುವುದು. ಗಂಡ ತೀರಿಕೊಂಡ ಮೇಲೆ ಅಂಗಡಿ ಮುಚ್ಚುತ್ತದೆ ಎಂದು ನೆಂಟರು ಲೆಕ್ಕ ಹಾಕಿದ್ದರು. ಅಂಗಡಿ ಮುಚ್ಚಲಿಲ್ಲ, ಹಿಗ್ಗಿ ಶೆಡ್ಡಾಯಿತು. ಕಾರಣ ಕೇಳಿದರೆ ಅಕ್ಕ ತಮ್ಮ ಹೊಲಿಗೆಯ ಹೆಸರು ಎತ್ತುವುದೇ ಇಲ್ಲ. "ನನಗೆ ಮಾಲು ಕೊಡೋರು ಚೆನ್ನಾಗಿದ್ರು," ಎನ್ನುತ್ತಾರೆ.

ಚೆನ್ನಾಗಿದ್ದರು ಎನ್ನುವುದು ಅರ್ಧ ಮಾತು. ಚೆನ್ನಾಗಿರುವಂತೆ ನೋಡಿಕೊಂಡರು ಎನ್ನುವುದು ಉಳಿದರ್ಧ. ಗುಂಡಿ ವ್ಯಾಪಾರಿಯ ಪ್ರಸಂಗ ಇಡೀ ಮಾರುಕಟ್ಟೆ ಬೀದಿಗೆ ಗೊತ್ತು. ಒಂದು ವರ್ಷ ಅವನು ಕೊಟ್ಟ ಗುಂಡಿಗಳು ಇಸ್ತ್ರಿಯ ಬಿಸಿ ತಗುಲಿದ ಕೂಡಲೇ ಸೀಳು ಬಿಡುತ್ತಿದ್ದವು. ಬೇರೆಯವರಾಗಿದ್ದರೆ ಚೀಲ ಹೊರಿಸಿಕೊಂಡು ಹೋಗಿ ಅಂಗಡಿಯ ಮುಂದೆ ಸುರಿದು ಬರುತ್ತಿದ್ದರು. ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಕೈಚೀಲದಲ್ಲಿ ಹಾಕಿಕೊಂಡು, ಮಧ್ಯಾಹ್ನ ಗಿರಾಕಿಗಳಿಲ್ಲದ ವೇಳೆ ಹೋದರು. "ಅರ್ಧ ಷಟರ್ ಎಳಿ," ಎಂದರು. ಎಳೆದ. ಅವನದೇ ಗಲ್ಲಾದ ಮೇಲೆ, ಅವನದೇ ಪ್ಲಗ್ಗಿಗೆ ಇಸ್ತ್ರಿ ಹಚ್ಚಿ, ಒಂದೊಂದಾಗಿ ಗುಂಡಿಗಳನ್ನು ಒತ್ತಿ ತೋರಿಸಿದರು. ಮಾತು ಆಡಿದ್ದು ಕೊನೆಯಲ್ಲಿ: "ನಿನಗೂ ಯಾರೋ ಟೋಪಿ ಹಾಕಿದ್ದಾರೆ ಕಣಪ್ಪ. ಯಾರು ಅಂತ ಹುಡುಕು." ಅವನು ಹುಡುಕಿದ. ಹೊಸ ಗುಂಡಿ ತಾನೇ ತಂದುಕೊಟ್ಟ. ಅವನು ಬಂದ ದಿನ ಅಕ್ಕ ಯಂತ್ರಗಳನ್ನೆಲ್ಲ ನಿಲ್ಲಿಸಿ, ಹನ್ನೆರಡೂ ಮಂದಿಯ ಎದುರು, "ನೋಡ್ರಮ್ಮ, ಮಾತು ಉಳಿಸ್ಕೊಂಡೋನು ಅಂದ್ರೆ ಇವನು," ಎಂದರು. ಗುಂಡಿ ವ್ಯಾಪಾರಿ ಕಿವಿಯವರೆಗೆ ಕೆಂಪಾಗಿ ಕುರ್ಚಿಯಲ್ಲಿ ಕೂರಲೂ ಆಗದೆ ಓಡಿಹೋದನಂತೆ.

ಬೈಯುವುದು ಅವರ ಮನೆಯಲ್ಲಿ, ಹೊಗಳುವುದು ನಮ್ಮ ಮನೆಯಲ್ಲಿ. ಅಕ್ಕನ ವ್ಯವಹಾರವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಆದರೆ ಆ ಮಾತಿಗೆ ನಿಜವಾದ ಪರೀಕ್ಷೆ ಬಂದದ್ದು ಬಣ್ಣದಣ್ಣನ ವಿಷಯದಲ್ಲಿ.

ಬಣ್ಣದಣ್ಣ ಎಂದರೆ ಕಾಲುವೆಯ ದಂಡೆಯಲ್ಲಿ ಬಟ್ಟೆಗೆ ಬಣ್ಣ ಹಾಕುವವನು. ಶಾಲೆಯ ಕೆಲಸ ಮೊದಲ ಸಲ ಸಿಕ್ಕಾಗ, ಅಷ್ಟು ಕಡಿಮೆ ಬಟ್ಟೆಗೆ ದೊಡ್ಡ ಮಿಲ್ಲುಗಳು ಉತ್ತರವನ್ನೂ ಬರೆಯಲಿಲ್ಲ. ಆಗ ಅವನ ಹತ್ತಿರ ಇದ್ದದ್ದು ಒಂದೇ ಹಂಡೆ. ಹಾಕುತ್ತಿದ್ದದ್ದು ಶಾಮಿಯಾನದ ಬಟ್ಟೆಗೆ ಬಣ್ಣ. ಶಾಲೆಯವರು ಕೇಳಿದ ನೀಲಿಗಾಗಿ ಇಬ್ಬರೂ ವಾರಗಟ್ಟಲೆ ಒದ್ದಾಡಿದರು. ಒಮ್ಮೆ ನೇರಳೆ ಬಂತು, ಒಮ್ಮೆ ಪೊಲೀಸರ ನೀಲಿ ಬಂತು. ಕೊನೆಗೆ ಸರಿಯಾದ ನೀಲಿ ಬಂದ ದಿನ ಬಣ್ಣದಣ್ಣ ಒದ್ದೆ ಬಟ್ಟೆಯನ್ನೇ ಹೆಗಲಿಗೆ ಹಾಕಿಕೊಂಡು ಸೈಕಲ್ಲಿನಲ್ಲಿ ಬಂದಿದ್ದ. ಆ ಅಂಗಿ ಮತ್ತೆಂದೂ ಬಿಳಿಯಾಗಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ವರ್ಷದ ಕ್ರಮ ಒಂದೇ. ಶಾಲೆ ತೆರೆಯುವುದಕ್ಕೆ ತಿಂಗಳುಗಳ ಮೊದಲೇ, ಬಣ್ಣದ ಹಂಡೆಗಳು ಖಾಲಿ ಬಿದ್ದಿರುವ ಕಾಲ ನೋಡಿ, ಅಕ್ಕ ಬಣ್ಣ ಕಾಣದ ಕೋರಾ ಬಟ್ಟೆಯ ಥಾನುಗಳನ್ನು ಕಳಿಸುತ್ತಿದ್ದರು. ಕೆಲಸವಿಲ್ಲದ ದಿನಗಳಲ್ಲಿ ಕೆಲಸ ಸಿಕ್ಕಿತೆಂದು ಅವನಿಗೆ ನೆಮ್ಮದಿ. ಅವಸರದ ದಿನಗಳಲ್ಲಿ ಅವನ ಬಾಗಿಲಲ್ಲಿ ನಿಲ್ಲುವ ಪಾಡಿಲ್ಲವೆಂದು ಇವರಿಗೆ ನೆಮ್ಮದಿ. ಥಾನುಗಳ ಜೊತೆಗೆ, ಹಿಂದಿನ ವರ್ಷ ಮಿಕ್ಕಿದ ನೀಲಿ ಬಟ್ಟೆಯಿಂದ ಅಂಗೈಯಗಲದ ಒಂದು ತುಂಡು. ಅದಕ್ಕೆ ಹೊಂದುವಂತೆ ಅವನು ಬಣ್ಣ ಹಾಕಿ ಕಳಿಸುತ್ತಿದ್ದ. ಮಾತು ಬೇಕಾಗಿರಲಿಲ್ಲ. "ಅಣ್ಣ ಹಾಕಿದ್ದಾ? ಹಾಗಾದ್ರೆ ಬಿಚ್ಚಿ ನೋಡಬೇಡಿ, ಹಾಸಿ," ಎನ್ನುವಷ್ಟು ನಂಬಿಕೆ. ಶಾಲೆಯ ನೀಲಿ ಅವನ ವರ್ಷದ ಅರ್ಧ ದುಡಿಮೆಯಾಯಿತು. ಅದನ್ನು ನಂಬಿ ಎರಡನೆಯ ಹಂಡೆ ಕಟ್ಟಿಸಿದ, ತಗಡಿನ ಚಾವಣಿ ಹಾಕಿಸಿದ.

ಕಳೆದ ವರ್ಷ ಶಾಲೆಗೆ ಹೊಸ ಮುಖ್ಯೋಪಾಧ್ಯಾಯಿನಿ ಬಂದರು. ಅವರ ಕೋಣೆ ಮಹಡಿಯ ಮೇಲೆ. ಮೊದಲ ವಾರವೇ ಬೆಳಗಿನ ಸಾಲು ನೋಡಲು ಮೊಗಸಾಲೆಗೆ ಬಂದು ನಿಂತವರು, ಹಾಗೇ ನಿಂತರು. ಮರುದಿನ ಅಕ್ಕನಿಗೆ ಕರೆ ಹೋಯಿತು.

"ಇಲ್ಲಿ ಬಂದು ನಿಂತ್ಕೊಳ್ಳಿ. ಕೆಳಗೆ ನೋಡಿ. ಏನು ಕಾಣುತ್ತೆ?"

"ಮಕ್ಕಳು, ಮೇಡಂ."

"ಎಷ್ಟು ಶಾಲೆ ಮಕ್ಕಳು?"

ಅಕ್ಕ ಕಂಬಿ ಹಿಡಿದು ಕೆಳಗೆ ಬಗ್ಗಿದರು. ಹೊಲಿಗೆ ಮೇಜಿನ ಎತ್ತರದಿಂದ ಹದಿನೈದು ವರ್ಷ ನೋಡಿದ ಬಟ್ಟೆಯನ್ನು ಅವರು ಮಹಡಿಯ ಎತ್ತರದಿಂದ ನೋಡಿದ್ದು ಅದೇ ಮೊದಲು. ದೊಡ್ಡ ತರಗತಿಗಳ ಸಾಲು ಒಂದು ನೀಲಿ. ಚಿಕ್ಕವರ ಸಾಲು ಇನ್ನೊಂದು ನೀಲಿ. ನಡುವಿನವರು ಎರಡರ ನಡುವೆ ಎಲ್ಲೋ.

"ಒಗೆದು ಒಗೆದು ಇಳಿದಿರುತ್ತೆ ಮೇಡಂ..."

"ಹಾಗಾದ್ರೆ ಬಣ್ಣ ಕಚ್ಚೋದಿಲ್ಲ ಅಂತಾಯ್ತು. ಅಗ್ಗದ ಬಣ್ಣ." ಮುಖ್ಯೋಪಾಧ್ಯಾಯಿನಿಯ ದನಿ ಏರಲಿಲ್ಲ. "ಸೋಮವಾರ ಮಿಲ್ಲಿನ ಪ್ರತಿನಿಧಿ ಬರ್ತಾರೆ, ಮುಂದಿನ ವರ್ಷದ ಬಟ್ಟೆ ಮಾತಾಡೋಕೆ. ಹೊಲಿಗೆ ನಿಮ್ಮದೇ ಇರಲಿ, ಅದರಲ್ಲಿ ನನಗೆ ತಕರಾರಿಲ್ಲ. ಬಟ್ಟೆ ಮಾತ್ರ ಮಿಲ್ಲಿಂದು. ಹೇಳೋದೇನಾದ್ರೂ ಇದ್ರೆ ನೀವೂ ಬನ್ನಿ."

ಅಂದರೆ ಅಕ್ಕನ ಹನ್ನೆರಡು ಯಂತ್ರಗಳಿಗೆ ಅಪಾಯವಿರಲಿಲ್ಲ. ಅಪಾಯವಿದ್ದದ್ದು ಕಾಲುವೆ ದಂಡೆಯ ಎರಡು ಹಂಡೆಗಳಿಗೆ. ಸುಮ್ಮನಿದ್ದರೆ ಸಾಕಿತ್ತು. ಅಕ್ಕನ ಸೊಸೆ ಇದನ್ನೇ ಹೇಳಿದಳು. ಶೆಡ್ಡಿನ ವ್ಯವಹಾರ ನೋಡಿಕೊಳ್ಳುವವಳು ಅವಳು. ಅತ್ತೆಯ ಎದುರು ಬಾಯಿ ಬಿಡಬಲ್ಲ ಏಕೈಕ ವ್ಯಕ್ತಿ ಎಂದು ಹೆಸರು.

"ಅತ್ತೆ, ಕೋಪ ಮಾಡ್ಕೋಬೇಡಿ. ಮಿಲ್ಲಿನ ಬಣ್ಣಕ್ಕೆ ನಂಬರ್ ಇರುತ್ತೆ. ಬಣ್ಣದಣ್ಣನ ಬಣ್ಣಕ್ಕೆ ನೆನಪು ಮಾತ್ರ ಇರೋದು."

"ಹದಿನೈದು ವರ್ಷ ಆ ನೆನಪೇ ಅನ್ನ ಹಾಕ್ತು ಕಣೇ."

"ಹಾಕ್ತು. ಇಲ್ಲ ಅಂದ್ನಾ? ಈಗ ಕೆಟ್ಟಿದೆ ಅಂತ ಅವರು ಹೇಳ್ತಿದ್ದಾರೆ. ಕೆಟ್ಟಿಲ್ಲ ಅಂತ ತೋರಿಸೋಕೆ ನಿಮ್ಮ ಹತ್ರ ಏನಿದೆ?"

ಸೊಸೆಯ ಪ್ರಶ್ನೆ ನ್ಯಾಯವಾದದ್ದು. ಅಕ್ಕ ಶೆಡ್ಡಿನ ಮೂಲೆಗೆ ಹೋದರು. ಅಲ್ಲೊಂದು ಮೂಟೆ ಇತ್ತು: ಹರಿದ, ಗಿಡ್ಡವಾದ ಹಳೆಯ ಸ್ಕರ್ಟುಗಳು, ಪ್ಯಾಂಟುಗಳು. ಮೊಣಕಾಲಿಗೆ ತೇಪೆ ಹಾಕಲು ಬರುತ್ತದೆಂದು ಗಿರಾಕಿಗಳಿಂದ ಪಡೆದು ಇಟ್ಟವು. ಸೊಂಟಪಟ್ಟಿಯ ಒಳಗೆ ವರ್ಷಕ್ಕೊಂದು ಬಣ್ಣದ ದಾರದಿಂದ ಅಕ್ಕ ನಾಲ್ಕು ಹೊಲಿಗೆ ಹಾಕುತ್ತಾರೆ. ದೂರು ಬಂದಾಗ ಯಾವ ವರ್ಷದ ಮಾಲೆಂದು ತಿಳಿಯಲು. ಆ ದಾರ ನೋಡಿ ವರ್ಷಕ್ಕೊಂದರಂತೆ ಬಟ್ಟೆ ಆರಿಸಿದರು. ಆಮೇಲೆ ಎಲ್ಲದರ ಕೆಳಗಿನ ಒಳಮಡಿಕೆಯನ್ನು ಬಿಚ್ಚಿದರು.

ಬೆಳೆಯುವ ಮಕ್ಕಳ ಬಟ್ಟೆಗೆ ದರ್ಜಿಗಳು ನಾಲ್ಕು ಬೆರಳು ಅಗಲದ ಮಡಿಕೆ ಒಳಗೆ ಬಿಟ್ಟಿರುತ್ತಾರೆ. ಬಿಸಿಲು ಅಲ್ಲಿಗೆ ತಲುಪುವುದಿಲ್ಲ, ಒಗೆಯುವವರ ಕೈಯೂ ಅಷ್ಟಾಗಿ ತಲುಪುವುದಿಲ್ಲ. ಹುಟ್ಟಿದಾಗಿನ ಬಣ್ಣ ಅಲ್ಲಿ ಹಾಗೇ ಕೂತಿರುತ್ತದೆ. ಮಡಿಕೆಗೂ ಹೊರಮೈಗೂ ಬಣ್ಣದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಬಣ್ಣ ಕಚ್ಚಿತ್ತು; ಗಟ್ಟಿಯಾಗಿಯೇ ಕಚ್ಚಿತ್ತು. ಅಕ್ಕ ನಿಟ್ಟುಸಿರು ಬಿಟ್ಟು, ಆ ಮಡಿಕೆಗಳನ್ನು ಕತ್ತರಿಸಿ ತೆಗೆದು ವರ್ಷದ ಕ್ರಮದಲ್ಲಿ ಮೇಜಿನ ಮೇಲೆ ಒತ್ತೊತ್ತಾಗಿ ಇಟ್ಟರು.

ಹೊಲಿಯುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಬಂದರು. ಮೇಜಿನ ಮೇಲೆ ನೀಲಿಯ ಏಣಿ ಹಾಸಿತ್ತು. ಪಕ್ಕಪಕ್ಕದ ಎರಡು ಮಡಿಕೆ ನೋಡಿದರೆ ಒಂದೇ ಬಣ್ಣ. ಈ ತುದಿಯದನ್ನು ಆ ತುದಿಯದರ ಪಕ್ಕಕ್ಕಿಟ್ಟರೆ ಅಣ್ಣ ತಮ್ಮ ಅಲ್ಲ, ದೂರದ ನೆಂಟರು.

"ಪ್ರತಿ ವರ್ಷ ಹಿಂದಿನ ವರ್ಷದ ತುಂಡು ಕೊಟ್ಟೆ," ಎಂದರು ಅಕ್ಕ ಮೆಲ್ಲಗೆ. "ಮೊದಲನೇದಕ್ಕೆ ಒಂದು ಸಲಾನೂ ಹಿಡಿದು ನೋಡಲಿಲ್ಲ."

ಮೊದಲ ವರ್ಷದ ತುಂಡೇ ಉಳಿದಿರಲಿಲ್ಲ. ಮೂಟೆಯಲ್ಲಿದ್ದ ಅತಿ ಹಳೆಯದು ನಾಲ್ಕನೆಯ ವರ್ಷದ್ದು. ಆಗ ಸೊಸೆ, "ಒಂದು ನಿಮಿಷ ಇರಿ," ಎಂದು ತವರಿಗೆ ಫೋನ್ ಮಾಡಿದಳು. ಅವಳೂ ಅದೇ ಶಾಲೆಯಲ್ಲಿ ಓದಿದವಳು. ಐದನೆಯ ತರಗತಿಯಲ್ಲಿದ್ದಾಗ ಈ ಸಮವಸ್ತ್ರ ಬಂದದ್ದು. ಅವಳ ಅಮ್ಮ ಏನನ್ನೂ ಬಿಸಾಡುವವರಲ್ಲ. ಸಂಜೆಯೊಳಗೆ, ಹೊಲಿಗೆ ಯಂತ್ರಕ್ಕೆ ಹೊದಿಸುವ ಗವಸಾಗಿ ಮಾರ್ಪಟ್ಟಿದ್ದ ಒಂದು ಸ್ಕರ್ಟು ಬಂತು. ಮಡಿಕೆ ಬಿಚ್ಚಿರಲಿಲ್ಲ.

"ಮಿಲ್ಲು ಮಿಲ್ಲು ಅಂತಿದ್ದವಳು," ಎಂದು ಅಕ್ಕ ಅವಳನ್ನು ನೋಡಿದರು.

"ಈಗಲೂ ಅಂತೀನಿ. ಆದ್ರೆ ಸೋಲೋದಾದ್ರೆ ಸರಿಯಾಗಿ ಸೋಲಬೇಕಲ್ಲ ಅತ್ತೆ."

ಇನ್ನು ಕಷ್ಟದ ಕೆಲಸ ಉಳಿದಿತ್ತು. ಬಣ್ಣದಣ್ಣನಿಗೆ ಹೇಳುವುದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕಣ್ಣಿನ ಮೇಲೆ ಬದುಕುವ ಮನುಷ್ಯನಿಗೆ ನಿನ್ನ ಕಣ್ಣು ತಪ್ಪಿತು ಎಂದರೆ ಅವನು ಹಂಡೆ ಮಗುಚಿ ಹೋಗುವ ಪೈಕಿ. ಅಕ್ಕ ಬೆಳಿಗ್ಗೆ, ಹಂಡೆಗೆ ಒಲೆ ಹಚ್ಚುವ ಮುಂಚೆ ಹೋದರು. ಕೆಲಸದವರು ಇನ್ನೂ ಬಂದಿರಲಿಲ್ಲ. ಉಗುರಿನ ಸಂದಿನಲ್ಲಿ ಎಂದೂ ಹೋಗದ ನೀಲಿಯ ಆ ಕೈಗಳು ಸೌದೆ ಜೋಡಿಸುತ್ತಿದ್ದವು. ಅಕ್ಕ ಕಲ್ಲು ಚಪ್ಪಡಿಯ ಮೇಲೆ ಮಡಿಕೆಗಳನ್ನು ಸಾಲಾಗಿ ಇಟ್ಟರು.

ಅವನು ಸೌದೆ ಕೆಳಗಿಟ್ಟು, ಬಗ್ಗಿ ಒಂದೊಂದನ್ನೇ ನೋಡಿದ.

"ಇದೆಲ್ಲ ನಾನು ಹಾಕಿದ್ದಾ?"

"ಹೂಂ ಅಣ್ಣ."

"ನೀನು ಕೊಟ್ಟ ತುಂಡಿಗೆ ಸರಿಯಾಗೇ ಹಾಕಿದ್ದೀನಿ ತಂಗಿ. ಬೇಕಾದ್ರೆ ಆಣೆ ಮಾಡ್ತೀನಿ. ನನ್ನ ಕಣ್ಣು ಮೋಸ ಮಾಡಲ್ಲ."

"ಗೊತ್ತು. ಅದನ್ನೇ ಕೇಳೋಕೆ ಬಂದೆ. ಕಣ್ಣು ತಪ್ಪಿದ್ರೆ ಒಂದು ವರ್ಷ ಮೇಲಕ್ಕೆ, ಒಂದು ವರ್ಷ ಕೆಳಕ್ಕೆ ಹೋಗಬೇಕಿತ್ತು. ಇದು ಪ್ರತಿ ಸಲ ಗಾಢದ ಕಡೆಗೇ ಹೋಗಿದೆ. ಎತ್ತು ಮನೆ ದಾರಿ ಹಿಡಿದ ಹಾಗೆ. ಯಾಕಣ್ಣ?"

ಬಣ್ಣದಣ್ಣ ಮತ್ತೆ ಸೌದೆಗೆ ಕೈಹಾಕಿದ. ಒಳಗಿನಿಂದ ಅವನ ಹೆಂಡತಿ ನಕ್ಕಳು. "ಹೇಳಿ, ಈಗ ಹೇಳಿ. ನಿಮ್ಮ ಚಿಟಿಕೆ ಪುರಾಣ."

"ನೀನು ಸುಮ್ನಿರೇ."

"ಯಾಕೆ ಸುಮ್ನಿರಲಿ? ಪ್ರತಿ ಸಲ ತಕ್ಕಡೀಲಿ ಸರಿಯಾಗಿ ತೂಗ್ತಾರಕ್ಕ. ಆಮೇಲೆ ಐದು ಬೆರಳು ಪುಡೀಲಿ ಅದ್ದಿ ಇನ್ನೊಂದು ಚಿಟಿಕೆ ಹಂಡೆಗೆ. ಕೇಳಿದ್ರೆ, 'ಮಕ್ಕಳ ಬಟ್ಟೆ, ದಿನಾ ಒಗೀತಾರೆ, ಇಳಿಯುತ್ತೆ, ಇರಲಿ ಬಿಡು, ತಂಗಿ ಹೆಸರು ಉಳೀಲಿ' ಅಂತಾರೆ."

ಹದಿನೈದು ವರ್ಷ, ಯಾರಿಗೂ ಹೇಳದೆ, ಬೆಲೆಗೆ ಸೇರಿಸದೆ ಹಾಕಿದ ಚಿಟಿಕೆ. ಮುಂದಿನ ವರ್ಷದ ಮಾದರಿ ತುಂಡಿನಲ್ಲಿ ಆ ಚಿಟಿಕೆಯೂ ಸೇರಿರುತ್ತಿತ್ತು. ಅದರ ಮೇಲೆ ಇನ್ನೊಂದು. ಔದಾರ್ಯವೇ ಹನಿಗೂಡಿ ಹಳ್ಳವಾಗಿತ್ತು.

ಅಕ್ಕನಿಗೆ ನಗು ಬಂತು, ಜೊತೆಗೆ ಇನ್ನೇನೋ ಬಂತು; ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡರು. "ಅಣ್ಣ, ನಿನ್ನ ಕಣ್ಣು ಸರಿ ಇದೆ. ಕೈ ದೊಡ್ಡದಾಯ್ತು ಅಷ್ಟೆ."

"ಅದು ತಪ್ಪಾ?" ಅವನು ನೊಂದುಕೊಂಡೇ ಕೇಳಿದ.

"ನನಗೆ ಹೇಳದೆ ಮಾಡಿದ್ದು ತಪ್ಪು. ಹೇಳಿದ್ದಿದ್ರೆ ಮೊದಲನೇ ವರ್ಷಾನೇ ಬೇಡ ಅಂತಿದ್ದೆ. ಮೊದಲ ತುಂಡು ಜೋಪಾನ ಮಾಡದೇ ಇದ್ದದ್ದು ನನ್ನ ತಪ್ಪು. ಈಗ ಯಾರದು ದೊಡ್ಡದು ಅಂತ ತೂಗೋಕೆ ಹೊತ್ತಿಲ್ಲ. ಸೋಮವಾರದೊಳಗೆ ಈ ಬಣ್ಣ ಬೇಕು." ಸೊಸೆಯ ಸ್ಕರ್ಟಿನ ಮಡಿಕೆಯನ್ನು ಅವನ ಕೈಗಿಟ್ಟರು.

ಅವನು ಅದನ್ನು ಬೆಳಕಿಗೆ ಹಿಡಿದ. ತಾನು ಸೈಕಲ್ಲಿನ ಮೇಲೆ ಹೊತ್ತು ತಂದ ನೀಲಿಯನ್ನು ಗುರುತು ಹಿಡಿಯಲು ಅವನಿಗೆ ಕ್ಷಣವೂ ಬೇಕಾಗಲಿಲ್ಲ. "ಅಯ್ಯೋ," ಎಂದ, "ಎಷ್ಟು ಚೆನ್ನಾಗಿತ್ತು ಇದು."

ಸೋಮವಾರ ಶಾಲೆಗೆ ಮೂವರೂ ಹೋದರು: ಅಕ್ಕ, ಸೊಸೆ, ಬಣ್ಣದಣ್ಣ. ಅವನು ಬರಲು ಒಪ್ಪಿರಲಿಲ್ಲ. "ನಾನು ಹಂಡೆ ಮುಂದೆ ನಿಲ್ಲೋನು, ಟೇಬಲ್ ಮುಂದೆ ಅಲ್ಲ," ಎಂದಿದ್ದ. "ನಿನ್ನ ಬಟ್ಟೆ ಬಗ್ಗೆ ನೀನಿಲ್ಲದ ಕಡೆ ನಾನು ಮಾತಾಡಲ್ಲ," ಎಂದು ಅಕ್ಕ ಆಟೋ ಹತ್ತಿಸಿದ್ದರು.

ಮಿಲ್ಲಿನ ಪ್ರತಿನಿಧಿ ಸಭ್ಯ ಯುವಕ. ಅವನ ಮುಂದೆ ಬಣ್ಣದ ಪಟ್ಟಿಗಳ ಪುಸ್ತಕ ತೆರೆದಿತ್ತು, ಪ್ರತಿ ಪಟ್ಟಿಯ ಕೆಳಗೆ ಒಂದೊಂದು ನಂಬರು. ಅಕ್ಕ ಎದುರಿಗೆ ಮಡಿಕೆಗಳ ಏಣಿ ಹಾಸಿ, ನಡೆದದ್ದನ್ನು ನಡೆದಂತೆ ಹೇಳಿದರು. ಬಣ್ಣ ಬಿಟ್ಟಿಲ್ಲ, ಸರಿದಿದೆ ಎಂದರು. ಮುಖ್ಯೋಪಾಧ್ಯಾಯಿನಿ ಕನ್ನಡಕ ಏರಿಸಿ ಒಂದೊಂದು ಮಡಿಕೆಯನ್ನೂ ಮುಟ್ಟಿ ನೋಡಿದರು.

"ಇದಕ್ಕೆ ಯಾರು ಹೊಣೆ?"

"ನಾನು," ಎಂದರು ಅಕ್ಕ. "ಮಾದರಿ ಕೊಟ್ಟೋಳು ನಾನು."

"ಅವಳದೇನಿಲ್ಲ ಮೇಡಂ," ಹಿಂದಿನಿಂದ ಬಣ್ಣದಣ್ಣ. "ಚಿಟಿಕೆ ಹಾಕಿದ್ದು ನಾನು."

"ಅಣ್ಣ, ನೀನು ಸುಮ್ನಿರು. ಮಾದರಿ ಸರಿ ಇದ್ದಿದ್ರೆ ನಿನ್ನ ಚಿಟಿಕೆ ಆ ವರ್ಷಕ್ಕೇ ಮುಗೀತಿತ್ತು."

"ಚಿಟಿಕೆ ಇಲ್ಲದಿದ್ರೆ ನಿನ್ನ ಮಾದರಿ ನೂರು ವರ್ಷ ಆದ್ರೂ ಕೆಡ್ತಿರಲಿಲ್ಲ. ನನ್ನ ತಪ್ಪನ್ನ ನೀನ್ಯಾಕೆ ಹೊರ್ತೀಯ? ನನಗೇನು ಹೆಗಲಿಲ್ವಾ?"

"ಬಟ್ಟೆ ಹೋಗಿದ್ದು ನನ್ನ ಅಂಗಡಿ ಹೆಸರಲ್ಲಿ!"

"ಬಣ್ಣ ಹೋಗಿದ್ದು ನನ್ನ ಹಂಡೆಯಿಂದ!"

ಸೊಸೆ ಅತ್ತೆಯ ಸೆರಗು ಜಗ್ಗಿದಳು. ಮುಖ್ಯೋಪಾಧ್ಯಾಯಿನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನಕ್ಕುಬಿಟ್ಟರು. ಶಾಲೆಯಲ್ಲಿ ಯಾರೂ ಅದುವರೆಗೆ ಅವರು ನಕ್ಕಿದ್ದನ್ನು ಕಂಡಿರಲಿಲ್ಲವಂತೆ.

"ಬೆಂಚು ಮುರಿದ ಮಕ್ಕಳಿಂದ ಹಿಡಿದು ಬಿರುಕು ಬಿಟ್ಟ ಗೋಡೆ ಕಟ್ಟಿದ ಕಂಟ್ರಾಕ್ಟರ್ ತನಕ ಎಲ್ಲರೂ ನನ್ನ ಮುಂದೆ ನಿಂತು ತಪ್ಪನ್ನ ಆಚೆಗೆ ತಳ್ಳಿದ್ದು ನೋಡಿದ್ದೀನಿ. ಕಿತ್ತಾಡಿಕೊಂಡು ತಗೊಳ್ಳೋರನ್ನ ನೋಡಿದ್ದು ಇದೇ ಮೊದಲು." ಆಮೇಲೆ ದನಿ ಮತ್ತೆ ಮೊದಲಿನಂತಾಯಿತು. "ಸರಿ, ಒಳ್ಳೇತನದಿಂದ ಸಾಲು ಒಂದೇ ಬಣ್ಣ ಆಗಲ್ಲ. ಬಟ್ಟೆ ತೋರಿಸಿ."

ಬಣ್ಣದಣ್ಣ ಹೊಸದಾಗಿ ಹಾಕಿದ ಬಟ್ಟೆಯನ್ನು ಮೊದಲ ವರ್ಷದ ಮಡಿಕೆಯ ಪಕ್ಕದಲ್ಲಿ ಇಟ್ಟ. ಮುಖ್ಯೋಪಾಧ್ಯಾಯಿನಿ ಎರಡನ್ನೂ ಎತ್ತಿಕೊಂಡು ಮೊಗಸಾಲೆಯ ಬಿಸಿಲಿಗೆ ಹೋದರು, ಮತ್ತೆ ನೆರಳಿಗೆ ಬಂದರು, ಪ್ರತಿನಿಧಿಯನ್ನು ಕರೆದು ಅವನ ಪುಸ್ತಕವನ್ನೂ ಹಿಡಿಸಿದರು. ಪುಸ್ತಕದಲ್ಲಿ ಅದಕ್ಕೆ ತೀರ ಹತ್ತಿರದ ನೀಲಿ ಎರಡಿದ್ದವು. ಒಂದು ಚೂರು ಈಚೆ, ಇನ್ನೊಂದು ಚೂರು ಆಚೆ. ಯುವಕ ಪ್ರಾಮಾಣಿಕವಾಗಿ ಹೇಳಿದ: "ಇದೇ ಬೇಕು ಅಂದ್ರೆ ನಮ್ಮಲ್ಲಿ ಇಷ್ಟು ಕಡಿಮೆ ಬಟ್ಟೆಗೆ ಹಾಕಲ್ಲ, ಮೇಡಂ. ಇವೆರಡರಲ್ಲಿ ಒಂದು ಆರಿಸಬೇಕು. ಆದ್ರೆ ಆರಿಸಿದ್ದು ವರ್ಷ ವರ್ಷ ಅದೇ ಬರುತ್ತೆ. ಅದಕ್ಕೆ ನಾನು ಗ್ಯಾರಂಟಿ."

"ನಿಮ್ಮ ಗ್ಯಾರಂಟಿ ಏನು?" ಮುಖ್ಯೋಪಾಧ್ಯಾಯಿನಿ ಈ ಕಡೆ ತಿರುಗಿದರು.

ಉತ್ತರ ಕೊಟ್ಟವಳು ಸೊಸೆ. ಅತ್ತೆಯೊಡನೆ ಅದನ್ನು ಅವಳು ಮೊದಲೇ ಮಾತಾಡಿಕೊಂಡಿದ್ದಳು. ಈ ಬಟ್ಟೆಯೇ ಇನ್ನು ತಾಯಿ ತುಂಡು. ಅದನ್ನು ಮೂರು ಭಾಗ ಮಾಡಿ, ಕಪ್ಪು ಕಾಗದದಲ್ಲಿ ಸುತ್ತಿ, ಒಂದನ್ನು ಶಾಲೆಯಲ್ಲಿ, ಒಂದನ್ನು ಶೆಡ್ಡಿನಲ್ಲಿ, ಒಂದನ್ನು ಬಣ್ಣದಣ್ಣನ ಮನೆಯಲ್ಲಿ ಇಡುವುದು. ಪ್ರತಿ ವರ್ಷ ಬಟ್ಟೆ ಕತ್ತರಿಸುವ ಮುಂಚೆ ಮೂರು ಕಡೆಯವರೂ ಹಗಲು ಬೆಳಕಿನಲ್ಲಿ ಹಿಡಿದು ನೋಡುವುದು. ಒಬ್ಬರು ಬೇಡವೆಂದರೂ ಥಾನು ವಾಪಸು. ಹಿಂದಿನ ವರ್ಷದ ತುಂಡನ್ನು ಮಾದರಿಯಾಗಿ ಯಾರೂ ಮುಟ್ಟುವಂತಿಲ್ಲ.

"ಮತ್ತೆ ಚಿಟಿಕೆ?" ಮುಖ್ಯೋಪಾಧ್ಯಾಯಿನಿ ಬಣ್ಣದಣ್ಣನನ್ನು ನೋಡಿದರು.

ಅವನು ತಲೆ ಕೆರೆದುಕೊಂಡ. "ಬೇರೆಯವರ ಬಟ್ಟೆಗೆ ಹಾಕ್ಕೊಳ್ತೀನಿ ಮೇಡಂ."

ಚಿಕ್ಕ ತರಗತಿಗಳ ಬಟ್ಟೆಯನ್ನು ಮಾತ್ರ ಮೊದಲು ಕೊಡುವುದು, ಅದು ಮೂರು ತಿಂಗಳು ಒಗೆಸಿಕೊಂಡು ನಿಂತರೆ ಉಳಿದದ್ದೂ ಇವರದೇ ಎಂದು ತೀರ್ಮಾನವಾಯಿತು. ಬಟ್ಟೆ ನಿಂತಿತು. ಉಳಿದ ಕೆಲಸವೂ ಬಂತು. ಮಿಲ್ಲಿನ ಪ್ರತಿನಿಧಿಯನ್ನು ಅಕ್ಕ ಬರಿಗೈಯಲ್ಲಿ ಕಳಿಸಲಿಲ್ಲ. ಜೇಬಿನ ಒಳಬಟ್ಟೆ ಈಗ ಅವನ ಮಿಲ್ಲಿನಿಂದ ಬರುತ್ತದೆ. ಅವನು ಬಂದಾಗಲೂ ಹಿಂದಿನ ಬಾಗಿಲ ಕುರ್ಚಿಯೇ.

ಅದಾದ ಮೇಲೆ ಅಕ್ಕ ಮಾಡಿದ ಒಂದು ಕೆಲಸವನ್ನು ಮಾರುಕಟ್ಟೆ ಬೀದಿ ಇನ್ನೂ ಹೇಳಿಕೊಂಡು ನಗುತ್ತದೆ. ಮಾಲು ಕೊಡುವವರನ್ನೆಲ್ಲ ಒಂದು ಮಧ್ಯಾಹ್ನ ಶೆಡ್ಡಿಗೆ ಕರೆಸಿದರು. ಏನೋ ದೂರಿದೆ ಎಂದು ಎಲ್ಲರೂ ಮುಖ ಬಿಗಿದುಕೊಂಡು ಬಂದರು. ಚಹಾ ಕೊಟ್ಟು ಅಕ್ಕ ಕೇಳಿದ್ದು ಒಂದೇ: "ನನಗೆ ಗೊತ್ತಿಲ್ಲದ ಹಾಗೆ ನೀವು ನನಗೆ ಏನೇನು ಒಳ್ಳೇದು ಮಾಡ್ತಿದ್ದೀರಿ? ಒಬ್ಬೊಬ್ಬರಾಗಿ ಒಪ್ಪಿಕೊಳ್ಳಿ."

ಎಲ್ಲರೂ ಚಹಾದ ಲೋಟದೊಳಗೆ ಕಣ್ಣು ನೆಟ್ಟರು. ಕಳ್ಳತನ ಒಪ್ಪಿಕೊಳ್ಳುವುದು ಇದಕ್ಕಿಂತ ಸುಲಭ. ಕೊನೆಗೆ ಗುಂಡಿ ವ್ಯಾಪಾರಿ, ಪ್ರತಿ ಪೊಟ್ಟಣಕ್ಕೆ ಒಂದು ಹಿಡಿ ಹೆಚ್ಚು ಹಾಕುತ್ತಿರುವುದಾಗಿ ಗೊಣಗಿದ. "ಅದಕ್ಕೇ ನನ್ನ ಎಣಿಕೆ ಯಾವತ್ತೂ ತಾಳೆ ಆಗ್ತಿರಲಿಲ್ಲ!" ಎಂದು ಸೊಸೆ ಕೂಗಿದಳು. ಇಸ್ತ್ರಿ ಪೆಟ್ಟಿಗೆ ರಿಪೇರಿಯವನು, ಹೆಂಗಸರ ಕೈ ಸುಡದಿರಲೆಂದು ಬಿಸಿಯನ್ನು ಒಂದು ಗೆರೆ ಇಳಿಸಿಟ್ಟಿದ್ದ. ಮಡಿಕೆ ಸರಿಯಾಗಿ ಕೂರುತ್ತಿಲ್ಲವೇಕೆಂದು ಅಕ್ಕ ವರ್ಷದಿಂದ ತಲೆ ಕೆಡಿಸಿಕೊಂಡಿದ್ದರು. ದಾರದ ಅಂಗಡಿಯವರು ಮಾತ್ರ ಎದೆ ಸೆಟೆದು, "ನಾನು ಯಾವ ಒಳ್ಳೇದೂ ಮಾಡಿಲ್ಲ, ಬೇಕಾದ್ರೆ ವಿಚಾರಿಸಿ," ಎಂದರು. ಅವರಿಗೆ ಅಂದು ಎರಡನೆಯ ಲೋಟ ಚಹಾ ಸಿಕ್ಕಿತು.

ಈ ವರ್ಷ ಶಾಲೆ ತೆರೆದ ಬೆಳಿಗ್ಗೆ ಕಾಂಪೌಂಡಿನ ಹೊರಗೆ ಅಕ್ಕ ಮತ್ತು ಬಣ್ಣದಣ್ಣ ನಿಂತಿದ್ದರು. ಕರೆದವರು ಯಾರೂ ಇರಲಿಲ್ಲ. ಇಬ್ಬರೂ ಬೇರೆ ಬೇರೆಯಾಗಿ ಬಂದು, ಒಬ್ಬರನ್ನೊಬ್ಬರು ಕಂಡು, ಬೇರೇನೋ ಕೆಲಸವಿತ್ತೆಂದು ಸುಳ್ಳು ಹೇಳಿಕೊಂಡರು. ಗಂಟೆ ಹೊಡೆಯಿತು. ಮೈದಾನದಲ್ಲಿ ಸಾಲುಗಳು ಕಟ್ಟಿದವು. ಚಿಕ್ಕವರಿಂದ ದೊಡ್ಡವರವರೆಗೆ, ಗೋಡೆಯಿಂದ ಗೋಡೆಗೆ, ಒಂದೇ ನೀಲಿ. ಮೇಲೆ ಮೊಗಸಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ ಕೈ ಕಟ್ಟಿ ನಿಂತಿದ್ದರು.

"ತಂಗಿ, ಅಲ್ಲಿ ನೋಡು," ಬಣ್ಣದಣ್ಣ ಗ್ರಿಲ್ಲಿನ ಸಂದಿನಿಂದ ಬೆರಳು ತೋರಿಸಿದ. "ಮೂರನೇ ಸಾಲು, ಎರಡು ಜಡೆ ಹುಡುಗಿ. ಅದು ಬೇರೆ."

ಅಕ್ಕ ಕಣ್ಣು ಕಿರಿದು ಮಾಡಿದರು. ಸ್ಕರ್ಟು ಸ್ವಲ್ಪ ಉದ್ದ, ಸೊಂಟದಲ್ಲಿ ನೆರಿಗೆ ಹಿಡಿದು ಸಣ್ಣದು ಮಾಡಿದ ಗುರುತು. "ಅದೂ ನಮ್ಮದೇ ಅಣ್ಣ. ಅಕ್ಕಂದು ತಂಗಿ ಹಾಕ್ಕೊಂಡಿದ್ದಾಳೆ."

"ಯಾವ ವರ್ಷದ್ದು ಅಂತ ಇಲ್ಲಿಂದಲೇ ಹೇಳಲಾ?"

"ಹೇಳು ನೋಡೋಣ."

ಅವನು ಹೇಳಿದ. ಹುಡುಗಿಯ ಸೊಂಟಪಟ್ಟಿ ತಿರುಗಿಸಿ ನೋಡುವಂತಿರಲಿಲ್ಲ. ಅಕ್ಕ ನೋಡುವ ಅಗತ್ಯವಿದೆಯೆಂದು ತಿಳಿಯಲೂ ಇಲ್ಲ. "ಸರಿ ಇದೆ," ಎಂದರು, ಕೈಚೀಲ ಹೆಗಲಿಗೆ ಏರಿಸಿಕೊಂಡು. "ನಡಿ, ಅಂಗನವಾಡಿ ಟೀಚರುಗಳು ಹಸಿರು ಸೀರೆ ಕೇಳಿದ್ದಾರೆ. ಮೊದಲ ತುಂಡು ಈ ಸಲ ನಾನೇ ಕತ್ತರಿಸಿ ಇಡ್ತೀನಿ."